ಪುಕ್ಕಟೆ ಹಸುವಿನ ಕಣ್ಣೀರು

ನಮ್ಮ ಬೀದಿಯಲ್ಲಿ ವಾರಕ್ಕೊಂದಾದರೂ ಮಾನ ಹರಾಜಾಗೋ ಸಂಗತಿ ನಡೆಯದಿದ್ದರೆ ನನಗೆ ತಿಂದದ್ದು ಅರಗಲ್ಲ. ಆ ವಿಷಯದಲ್ಲಿ ದೇವರು ನನಗೇನೂ ಕಡಿಮೆ ಮಾಡಿಲ್ಲ, ನಡೀತಾನೇ ಇರುತ್ತೆ. ಜಿಗಣಿ ಕಾರ್ಖಾನೆಗಳ ಬೆನ್ನಿಗೇ ನಮ್ಮ ಊರು. ಈಗ ಊರು ಅನ್ನಬಾರದಂತೆ, ಲೇಔಟ್ ಅನ್ನಬೇಕಂತೆ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಅರ್ಧ. ಆದರೆ ನಮ್ಮ ಜಗಲಿ ಮೇಲೆ ಕೂತರೆ ನಾಲ್ಕು ಮನೆ ಬಾಗಿಲು, ಒಂದು ಟೀ ಅಂಗಡಿ, ನೀರಿನ ಟ್ಯಾಂಕರ್ ನಿಲ್ಲೋ ಜಾಗ, ಎಲ್ಲಾ ಕಾಣುತ್ತೆ. ಓದೋಕೆ ಇನ್ನೇನು ಬೇಕು?

ಈಗ ಹೇಳೋದು ಎದುರುಮನೆ ವಿಷಯ. ಹೆಸರು ಮಾತ್ರ ಹೇಳಲ್ಲ. ಹೇಳಿದರೆ ನಾಳೆಯಿಂದ ಆಯಮ್ಮ ನನಗೆ ಮೊಸರಿಗೆ ಹೆಪ್ಪು ಕೊಡಲ್ಲ.

೧. ಟೊಮ್ಯಾಟೊ ಕೊಯ್ಲು

ಎದುರುಮನೆ ಯಜಮಾನನಿಗೆ ಮೊದಲು ಹೊಲ ಇತ್ತು. ಕಾರ್ಖಾನೆಯವರು ತಗೊಂಡರು, ಈಗ ಅಲ್ಲಿ ನಟ್ಟು ಬೋಲ್ಟು ಬೆಳೀತಾರೆ. ಬಂದ ದುಡ್ಡಲ್ಲಿ ಮೂರು ಬಾಡಿಗೆ ಮನೆ ಕಟ್ಟಿಸಿ ಕೈಕಟ್ಟಿ ಕೂತ. ಕೂತ ಕೈ ಸುಮ್ಮನಿರುತ್ತಾ? ಬಾಡಿಗೆಗಿದ್ದ ಒಬ್ಬ ಮಹಾನುಭಾವ ಅವನ ಫೋನಿಗೆ ತೋಟದ ಆಟ ಹಾಕಿಕೊಟ್ಟ. "ಫ್ರೀ ಅಣ್ಣ, ಒಂದು ಪೈಸೆ ಇಲ್ಲ" ಅಂದ. ಅದರಲ್ಲಿ ಟೊಮ್ಯಾಟೊ ಹಾಕಬಹುದು, ಕೋಳಿ ಸಾಕಬಹುದು, ಹಸು ಕಟ್ಟಬಹುದು. ಹೊಲ ಇದ್ದಾಗ ಬದುವಿನ ಮೇಲೆ ಟವೆಲ್ ಹಾಸಿ ಮಲಗುತ್ತಿದ್ದವನು ಈಗ ಕೋಳಿ ಕೂಗೋಕೆ ಮುಂಚೆ ಎದ್ದು ಫೋನಿನ ಗಿಡಕ್ಕೆ ನೀರು ಬಿಡ್ತಾನೆ.

ಅವನಿಗೊಬ್ಬಳೇ ಮಗಳು, ಎಲೆಕ್ಟ್ರಾನಿಕ್ ಸಿಟಿಯ ಒಂದು ಲ್ಯಾಬಲ್ಲಿ ಕೆಲಸ. ಆ ವರ್ಷ ಅವಳಿಗೆ ಗಂಡು ನೋಡ್ತಿದ್ದರು. ಮೊದಲನೇ ಗಂಡಿನ ಕಡೆಯವರು ಬಂದು ಕೂತಿದ್ದಾಗ ಈ ಯಜಮಾನ, "ಎರಡು ನಿಮಿಷ, ಕೋಳಿಗೆ ಕಾಳು ಹಾಕಿ ಬರ್ತೀನಿ" ಅಂತ ಮಾಳಿಗೆ ಹತ್ತಿದವನು ಒಂದು ಗಂಟೆ ಇಳಿಯಲಿಲ್ಲ. ಅವರು ಎದ್ದು ಹೋದರು. ಎರಡನೆಯವರಿಗೂ ಹಾಗೇ ಆಯ್ತು. ಮೂರನೇ ಗಂಡು ಕೈತಪ್ಪಿದರೆ ಮಗಳ ಮದುವೆ ಆದಂಗೇ ಅಂತ ಅವನ ಹೆಂಡತಿ ಒದ್ದಾಡೋಳು.

ಆ ಮಧ್ಯೆ ಅವಳ ತಮ್ಮನ ಮಗುವಿನ ನಾಮಕರಣ, ಆನೇಕಲ್ಲಿನಲ್ಲಿ. ಯಜಮಾನ ಫೋನಲ್ಲಿ ಹೇಳಿದ್ದು ನನಗೆ ಇಲ್ಲಿಗೇ ಕೇಳಿಸಿತು: "ಬರಕ್ಕಾಗಲ್ಲ ಕಣಯ್ಯಾ, ಟೊಮ್ಯಾಟೊ ಕೊಯ್ಲಿಗೆ ಬಂದೈತೆ. ಬಿಟ್ಟು ಬಂದ್ರೆ ಬಾಡೋಯ್ತದೆ."

ಭಾವ ಎಲ್ಲೋ ಹೊಲ ಗುತ್ತಿಗೆಗೆ ಹಿಡಿದಿದ್ದಾನೆ ಅಂತ ಭಾವಮೈದನಿಗೆ ಖುಷಿ. ಮಾರನೇ ದಿನ ಬೆಳಗ್ಗೆ ಲಗೇಜ್ ಆಟೋ ಮಾಡಿಕೊಂಡು, ನಾಲ್ಕು ಖಾಲಿ ಕ್ರೇಟು ಹೊತ್ತು ಬಂದ. "ಎಲ್ಲಿ ಭಾವ ಟೊಮ್ಯಾಟೊ?" ಇವನು ಫೋನು ತೋರಿಸಿ, "ನೋಡು, ಎಂಗೆ ಕೆಂಪಗಾಗವೆ" ಅಂದ. ಭಾವಮೈದ ಫೋನು ನೋಡಿದ, ಕ್ರೇಟು ನೋಡಿದ, ಅಕ್ಕನ ಮುಖ ನೋಡಿದ. "ಅಕ್ಕಾ, ಸಾರನ್ನೂ ಇದರಲ್ಲೇ ಕುದಿಸ್ತೀಯಾ?"

ಆಟೋದವನು ಮಾತ್ರ ಹೋಗಿಬರೋ ಬಾಡಿಗೆ ನಿಜವಾದ ನೋಟಲ್ಲೇ ಈಸ್ಕೊಂಡ.

೨. ಅತ್ತಿಬೆಲೆಯ ಹೆಂಗಸು

ಒಂದು ದಿನ ಎದುರುಮನೆಯಾಕೆ ಸೆರಗಲ್ಲಿ ಮೂಗೊರೆಸಿಕೊಳ್ಳುತ್ತಾ ನಮ್ಮ ಜಗಲಿಗೆ ಬಂದಳು. "ಅತ್ತೆ, ನಮ್ಮನೆಯೋರು ಯಾರನ್ನೋ ಇಟ್ಕೊಂಡವ್ರೆ."

ನನಗೆ ಒಳಗೊಳಗೇ ಹಬ್ಬ. ಮೇಲೆ ಮಾತ್ರ ಮುಖ ಸಣ್ಣ ಮಾಡಿಕೊಂಡು, "ಎಂಗೆ ಗೊತ್ತಾಯ್ತಮ್ಮ?" ಅಂದೆ.

"ಮಾಳಿಗೆ ಮೇಲೆ ಫೋನ್ ಇಡ್ಕೊಂಡು ಮಾತಾಡ್ತಿದ್ರು. 'ಅಳಬ್ಯಾಡ ಕಣೇ ಚಿನ್ನಾ, ಈಗ್ಲೇ ದುಡ್ಡು ಕಳಿಸ್ತೀನಿ, ನೀನು ಅತ್ರೆ ನಂಗೆ ಅನ್ನ ಸೇರಲ್ಲ' ಅಂತ. ನಾನು ಹೆರಿಗೆ ನೋವಲ್ಲಿ ಅರಚ್ತಿದ್ದಾಗ ಇದೇ ಮನ್ಸ ಆಚೆ ನಿಂತು ಎರಡು ಕಟ್ಟು ಬೀಡಿ ಸೇದಿದ್ದು!"

ನಾನೇನು ಊರಿಗೆಲ್ಲ ಸಾರಲಿಲ್ಲ. ಮೂರೇ ಮನೆಗೆ ಹೇಳಿದೆ. ಆ ಮೂರು ಮನೆಯವರ ಬಾಯಿ ನಿಲ್ಲದಿದ್ದರೆ ಅದಕ್ಕೆ ನಾನೇನು ಮಾಡಲಿ? ಸಂಜೆ ಹೊತ್ತಿಗೆ ಆ ಹೆಂಗಸಿಗೆ ಅತ್ತಿಬೆಲೆಯಲ್ಲಿ ಒಂದು ಮನೆ, ಎರಡು ಮಕ್ಕಳು, ಒಂದು ವಾಷಿಂಗ್ ಮೆಷಿನ್ನು ಎಲ್ಲಾ ಆಗಿತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಅವನು ಟೀ ಅಂಗಡಿ ಹಿಂದೆ ಫೋನು ಹಿಡಿದು ಕೂತಿದ್ದಾಗ ನಾವಿಬ್ಬರೂ ಹೋಗಿ ಅವನ ಬೆನ್ನಿಗೆ ನಿಂತೆವು. "ಎಲ್ಲಿ ಅವ್ಳು, ತೋರ್ಸು!" ಅಂತ ಹೆಂಡತಿ ಫೋನು ಕಿತ್ಕೊಂಡಳು. ಫೋನಲ್ಲಿ ಇದ್ದದ್ದು ಹಸು ಕಣ್ರೀ! ಕಂದು ಬಣ್ಣದ ಹಸು, ಕೊರಳಲ್ಲಿ ಗಂಟೆ. ರೆಪ್ಪೆ ಎಷ್ಟುದ್ದ ಅಂತೀರಿ, ನಮ್ಮ ಬೀದಿಯ ಯಾವ ಮದುಮಗಳಿಗೂ ಇಲ್ಲ. ಕಣ್ಣಿಂದ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಹನಿ ಬೀಳೋ ಜಾಗಕ್ಕೆ ಸರಿಯಾಗಿ ಒಂದು ಹಸಿರು ಗುಂಡಿ: ಒಂದು ಮೂಟೆ ಮೇವು, ತೊಂಬತ್ತೊಂಬತ್ತು ರೂಪಾಯಿ.

"ಫ್ರೀ ಅಂದಿದ್ಯಲ್ಲೋ?" ಅಂದೆ ನಾನು.

"ಆಟ ಫ್ರೀ ದೊಡ್ಡಮ್ಮ. ಹಸೂನೂ ಫ್ರೀನೇ. ಮೇವಿಗೆ ಮಾತ್ರ ದುಡ್ಡು."

"ಹಸು ಪುಕ್ಕಟೆ ಕೊಟ್ಟು, ಅದರ ಹೊಟ್ಟೆ ಉರಿಸಿ, ಹುಲ್ಲಿಗೆ ಕಾಸು ಕೇಳೋನು ನಮ್ಮ ಸಂತೇಲಿ ಸಿಕ್ಕಿದ್ರೆ ಅದೇ ಹಗ್ಗದಲ್ಲಿ ಅವನನ್ನೇ ಗೂಟಕ್ಕೆ ಕಟ್ತಿದ್ರು ಕಣ್ಲಾ."

ಹೆಂಡತಿ ಫೋನು ಕೈಯಲ್ಲಿ ಹಿಡಿದು ನೆಲದ ಮೇಲೆ ಕೂತುಬಿಟ್ಟಳು. "ಹೆಂಗ್ಸಾಗಿದ್ರೆ ಜುಟ್ಟು ಇಡ್ಕೊಂಡು ಜಗಳ ಆಡ್ತಿದ್ದೆ ಅತ್ತೆ. ಇದನ್ನ ಯಾವ ಕೊಂಬಲ್ಲಿ ಇಡೀಲಿ?"

೩. ಆಣೆ

ಗಂಡನ ಕೈಹಿಡಿದು ಎಳೆದುಕೊಂಡು ಮಾರಮ್ಮನ ಗುಡಿಗೆ ಹೋದಳು. ಅವನು ಕರ್ಪೂರದ ಮೇಲೆ ಕೈಯಿಟ್ಟು, "ನನ್ನ ಕೈಯಾರೆ ಇನ್ನು ಒಂದು ರೂಪಾಯಿ ಹಾಕಲ್ಲ ತಾಯಿ" ಅಂತ ಆಣೆ ಮಾಡಿದ.

ಮಾರನೇ ದಿನ ನಮ್ಮ ಜಗಲಿಗೆ ಬಂದು ಕೂತ. "ದೊಡ್ಡಮ್ಮ, ಆಣೆ ಇರೋದು ನನ್ನ ಕೈಗೆ. ನಿನ್ನ ಕೈಗಲ್ಲ."

ಅವನ ಫೋನಲ್ಲಿ ದುಡ್ಡು ಹೋಗಬೇಕಾದರೆ ಬೆರಳು ಒತ್ತಬೇಕು. ನನ್ನ ಹೆಬ್ಬೆಟ್ಟನ್ನೂ ಅದಕ್ಕೆ ಪರಿಚಯ ಮಾಡಿಸಿದ. ಜೀವಮಾನವೆಲ್ಲಾ ರೇಷನ್ ಅಂಗಡಿಯಲ್ಲಿ ಅಕ್ಕಿಗೆ ಒತ್ತಿದ ಹೆಬ್ಬೆಟ್ಟು, ಈಗ ಫೋನಿನ ಹಸುವಿಗೆ. ದಿನಕ್ಕೊಂದು ಸಲ ಒತ್ತೋದು, ನನಗೊಂದು ಲೋಟ ಸ್ಟ್ರಾಂಗ್ ಕಾಫಿ. ಪಾಪ ಅಂತ ಒತ್ತಿದೆ. ಕಾಫಿ ಚೆನ್ನಾಗಿರ್ತಿತ್ತು.

ಐದನೇ ದಿನ ನಾನು ಹುಣಸೆಹಣ್ಣು ಬಿಡಿಸ್ತಿದ್ದೆ. ಹೆಬ್ಬೆಟ್ಟು ಅಂಟಂಟು, ಫೋನು ಒಪ್ಪಲಿಲ್ಲ. "ಸರಿಯಾಗಿ ಒತ್ತು ದೊಡ್ಡಮ್ಮ! ಹಸು ಕಣ್ಣು ಮೇಲೆ ಮಾಡ್ತೈತೆ!" ಅಂತ ಅವನು ಕೂಗಿಕೊಂಡ. ಕೂಗು ಕೇಳಿ ಹೆಂಡತಿ ಬಂದು ನಿಂತಳು.

"ಅತ್ತೆ, ನೀವೂನಾ?"

"ನಾನು ಆಣೆ ಮಾಡಿಲ್ವಲ್ಲಮ್ಮ" ಅಂದೆ.

ಮೂವರೂ ನ್ಯಾಯಕ್ಕೆ ಗುಡಿಗೆ ಹೋದೆವು. ಆಣೆ ಕೈಗೋ, ದುಡ್ಡಿಗೋ? ಹೆಬ್ಬೆಟ್ಟು ಕೊಟ್ಟವಳಿಗೂ ಪಾಪ ತಟ್ಟುತ್ತಾ? ಪೂಜಾರಿ ಕಂಬಕ್ಕೆ ಒರಗಿ ಕೂತಿದ್ದ. ಕೇಳಿದ್ದೆಲ್ಲಾ ಕೇಳಿಸಿಕೊಂಡ. ಕೈಲಿದ್ದ ಫೋನಿಂದ ತಲೆ ಎತ್ತದೆ, "ಒಂದ್ನಿಮಿಷ ಇರಿ, ನನ್ನ ಕೋಳಿ ಮೊಟ್ಟೆ ಇಡ್ತಾ ಐತೆ" ಅಂದ.

೪. ಅಕ್ಕಿ ಡಬ್ಬದಲ್ಲಿ ಹಸು

ಮೂರನೇ ಗಂಡು ಬಂತು. ನಾಗಸಂದ್ರದ ಕಡೆಯವರು. ಹುಡುಗ, ಅವನ ತಾಯಿ, ಜೊತೆಗೊಬ್ಬ ವಯಸ್ಸಾದ ದೊಡ್ಡಪ್ಪ. ಎದುರುಮನೆಯಾಕೆ ಈ ಸಲ ಬುದ್ಧಿವಂತೆ, ಬೆಳಗ್ಗೆಯೇ ಗಂಡನ ಫೋನು ಕಿತ್ತು ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದಳು. ಯಜಮಾನ ಬಿಳಿ ಪಂಚೆಯಲ್ಲಿ ಕೈಮುಗಿದು ಕೂತಿದ್ದ, ಆದರೆ ಕಣ್ಣೆಲ್ಲಾ ಅಡುಗೆಮನೆ ಕಡೆಗೇ. ನಾನು ಹಿರಿಯಳಲ್ಲವಾ, ಕರೆಯದಿದ್ದರೂ ಹೋಗಿ ಕುರ್ಚಿ ಎಳೆದುಕೊಂಡೆ.

ಉಪ್ಪಿಟ್ಟು ಕೇಸರಿಬಾತ್ ತಟ್ಟೆಗೆ ಬಿದ್ದವು. ಎಲ್ಲಾ ಸಲೀಸಾಗಿ ಹೋಗ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ, "ಅಂಬಾ..."

ದೊಡ್ಡಪ್ಪ, "ಒಳಗೇ ಕಟ್ಟಿದ್ದೀರಾ?" ಅಂದರು.

ಹುಡುಗ ಮಾತ್ರ ಚಮಚ ಕೆಳಗಿಟ್ಟು ಎದ್ದು ನಿಂತ. "ಅದು ನಮ್ಮ ಹಸು!"

"ನಿಮ್ದು ಅಂದ್ರೆ?" ಯಜಮಾನ ಗುರ್ ಅಂದ. "ಎರಡು ವರ್ಷದಿಂದ ಸಾಕ್ತಿರೋನು ನಾನು!"

ಆಮೇಲೆ ಗೊತ್ತಾಯ್ತು, ಹುಡುಗನ ಕೆಲಸ ಆ ಆಟ ಮಾಡೋ ಕಂಪನಿಯಲ್ಲೇ. ಪಾಪ, ಹೆಮ್ಮೆಯಿಂದಲೇ ಹೇಳಿಕೊಂಡ. "ಮೊದಲು ಹಸು ಅಳ್ತಿರಲಿಲ್ಲ ಅಂಕಲ್, ಸುಮ್ನೆ ನಿಂತಿರ್ತಿತ್ತು. ಯಾರೂ ದುಡ್ಡು ಹಾಕ್ತಿರಲಿಲ್ಲ. ಕಣ್ಣೀರು ನನ್ನ ಐಡಿಯಾ. ಆ ರೆಪ್ಪೇನೂ ನಂದೇ. ಅದಕ್ಕೇ ಪ್ರಮೋಷನ್ ಬರೋದ್ರಲ್ಲಿದೆ."

"ನನ್ನ ಹಸೂನ ಅಳಿಸ್ತಿದ್ದೋನು ನೀನೇನಾ?"

"ಬಲವಂತ ಏನಿಲ್ಲ ಅಂಕಲ್. ಎಂಟು ಗಂಟೆ ಕಾದ್ರೆ ಮೇವು ತಾನಾಗೇ ಬರುತ್ತೆ."

"ಎಂಟು ಗಂಟೆ ಅದು ಅಳ್ತಿದ್ರೆ ನೋಡ್ಕೊಂಡು ಕೂರೋಕೆ ನಾನೇನು ಕಲ್ಲಾ?"

"ತುಂಬಾ ಜನ ಹಾಗೇ ಕೂರ್ತಾರೆ ಅಂಕಲ್. ದುಡ್ಡು ಹಾಕೋರು ಕೆಲವೇ ಜನ. ಅವರಿಂದಾನೇ ಕಂಪನಿ ನಡೆಯೋದು."

ಯಜಮಾನನ ಕೋಪ ಅಲ್ಲಿಗೇ ಇಳಿಯಿತು. ಎದೆ ಸೆಟೆಯಿತು. ಮೀಸೆ ಮೇಲೆ ಕೈ ಹೋಯ್ತು. "ಅಂದ್ರೆ... ನಿನ್ನ ಸಂಬಳ ಕೊಡ್ತಿರೋದು ನಾನು!"

ಅಡುಗೆಮನೆ ಬಾಗಿಲಿಂದ ಹೆಂಡತಿ, "ಅಂದ್ರೆ ವರದಕ್ಷಿಣೆ ಆಗ್ಲೇ ಕಟ್ಟಿ ಮುಗ್ದೈತೆ" ಅಂದಳು.

ಆಗ ಕಾಫಿ ತಟ್ಟೆ ಹಿಡಿದು ಮಗಳು ಬಂದಳು. ತಲೆ ತಗ್ಗಿಸೋ ಜಾತಿಯಲ್ಲ ಅದು. ಹುಡುಗನ ಕೈಗೆ ಲೋಟ ಕೊಟ್ಟು ಕೇಳಿದಳು: "ನಿಮ್ಮಮ್ಮ ಆಡ್ತಾರಾ ಈ ಆಟ?"

"ಛೇ ಛೇ. ನಮ್ಮ ಮನೆಯಲ್ಲಿ ಯಾರ ಫೋನಿಗೂ ನಾನು ಹಾಕಲ್ಲ."

"ಯಾಕೆ?"

ಹುಡುಗ ಬಾಯಿ ತೆಗೆದ. ಮುಚ್ಚಿದ. ಕಾಫಿ ಊದಿದ. ನನ್ನ ಕಾಲದಲ್ಲಿ ಹೆಣ್ಣು ನೋಡೋಕೆ ಬಂದವರು ಹಾಡು ಹೇಳಮ್ಮ ಅಂತ ಹುಡುಗೀನ ಕೇಳಿ ಬೆವರಿಳಿಸ್ತಿದ್ದರು. ಇಲ್ಲಿ ಬೆವರಿದ್ದು ಗಂಡು.

"ನಿಮ್ಮಮ್ಮನಿಗೆ ಬೇಡ ಅಂತ ನೀವೇ ಎತ್ತಿಟ್ಟಿದ್ದನ್ನ ನಮ್ಮಪ್ಪನಿಗೆ ಯಾಕೆ ಬಡಿಸ್ತೀರಿ? ಎಲ್ಲರ ಫೋನಲ್ಲೂ ಆ ಹಸು ಅಳು ನಿಲ್ಲಿಸಿ. ಆಮೇಲೆ ಬನ್ನಿ, ಮದುವೆ ಮಾತಾಡೋಣ."

ಅವಳಮ್ಮ ಗೋಡೆ ಹಿಡಿದುಕೊಂಡಳು. ಮೂರನೆಯದೂ ಹೋಯ್ತು ಅಂತಲೇ ಲೆಕ್ಕ. ಹುಡುಗನ ತಾಯಿ ನಿಧಾನಕ್ಕೆ ಎದ್ದು ಬಂದು ಹುಡುಗಿಯ ಕೈ ಹಿಡಿದುಕೊಂಡಳು. "ನನಗೆ ಇವಳೇ ಸೊಸೆ ಬೇಕು. ಇಪ್ಪತ್ತೆಂಟು ವರ್ಷದಲ್ಲಿ ಇವನ ಬಾಯಿ ಮುಚ್ಚಿಸಿದವರನ್ನ ನಾನು ಇವತ್ತೇ ನೋಡಿದ್ದು."

೫. ತಾಂಬೂಲ

ಹುಡುಗ ಆಫೀಸಲ್ಲಿ ಏನು ಜಗಳ ಆಡಿದನೋ, ಎಂಟು ವಾರ ಹಿಡೀತು. ಪ್ರಮೋಷನ್ ಹೋಯ್ತಂತೆ. ಆದರೆ ಹಸುವಿನ ಅಳು ನಿಂತಿತು. ಈಗ ಮೇವು ಹಾಕಿದರೂ ಒಂದೇ, ಹಾಕದಿದ್ದರೂ ಒಂದೇ, ಸುಮ್ಮನೆ ಮೆಲುಕು ಹಾಕ್ಕೊಂಡು ನಗ್ತಾ ನಿಂತಿರುತ್ತೆ. ಹುಡುಗಿ ಒಪ್ಪಿದಳು. ಅವಳಮ್ಮ ಬೀದಿಗೆಲ್ಲಾ ಮೈಸೂರುಪಾಕು ಹಂಚಿದಳು.

ಯಜಮಾನ ಮಾತ್ರ ಸೊರಗಿದ. ಫೋನು ತೆಗೀತಾನೆ, ನೋಡ್ತಾನೆ, ಮುಚ್ಚಿಡ್ತಾನೆ. "ಅದು ನನ್ನ ಮುಖಾನೂ ನೋಡಲ್ಲ ದೊಡ್ಡಮ್ಮ. ನಾನು ಅದಕ್ಕೆ ಯಾರೂ ಅಲ್ಲ ಈಗ" ಅಂತಾನೆ.

ನಿಶ್ಚಿತಾರ್ಥ ಅವರ ಮನೆಯಲ್ಲೇ. ತಾಂಬೂಲದ ತಟ್ಟೆ ಬದಲಾಯಿಸೋ ಮುಂಚೆ ಹಿರಿಯರೊಬ್ಬರು ನಿಂತು ಎರಡು ಕಡೆಯವರನ್ನೂ ಕೇಳೋದು ನಮ್ಮಲ್ಲಿ ಪದ್ಧತಿ. ಆ ದೊಡ್ಡಪ್ಪನೇ ಎದ್ದರು. ಅವರ ಕೈಲಿ ಇರೋದು ಗುಂಡಿ ಒತ್ತೋ ಹಳೇ ಫೋನು, ಆಟದ ಗಂಧಗಾಳಿ ಇಲ್ಲ. ಮೊದಲ ದಿನ ಕೂಗಿದ್ದು ನಿಜವಾದ ಹಸುವೇ ಅಂತ ಇವತ್ತಿಗೂ ನಂಬಿದ್ದಾರೆ. "ಯಾರದ್ದಾದರೂ ಏನಾದರೂ ಬೇಡಿಕೆ ಇದ್ದರೆ ಈಗಲೇ ಹೇಳಿಬಿಡಿ. ತಟ್ಟೆ ಕೈ ಬದಲಾದ ಮೇಲೆ ಮಾತಿಲ್ಲ" ಅಂದರು.

ಯಜಮಾನ ಎದ್ದ. ಹೆಂಡತಿ ಪಂಚೆ ಹಿಡಿದು ಎಳೆದಳು, ಕೂರಲಿಲ್ಲ.

"ನಮಗೆ ಚಿನ್ನ ಬ್ಯಾಡ, ಬಟ್ಟೆ ಬ್ಯಾಡ. ನಮ್ಮ ಹಸು ದಿನಕ್ಕೆ ಒಂದು ಸಲನಾದ್ರೂ ಅಳಂಗೆ ಮಾಡ್ಕೊಡಬೇಕು. ಅಷ್ಟೇ."

ಮಗಳು ಕಣ್ಣು ಕೆಂಪಗೆ ಮಾಡಿ ಅಪ್ಪನನ್ನ ನೋಡಿದಳು. ಹುಡುಗ ಗೋಡೆಯ ಕ್ಯಾಲೆಂಡರ್ ಓದತೊಡಗಿದ.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ಬಹಳ ಗಂಭೀರವಾಗಿ ಕೇಳಿದರು: "ಹಸುವಿಗೆ ಕಾಯಿಲೆಯಾ?"

"ಇಲ್ಲ, ಗಟ್ಟಿಮುಟ್ಟಾಗೈತೆ. ಅದೇ ತೊಂದ್ರೆ."

"ಮೇವು ತಿನ್ನುತ್ತಾ?"

"ತಿನ್ನದಿದ್ರೂ ನಗ್ತದೆ."

"ಹಾಲು?"

"ಒಂದು ದಿನಾನೂ ಕೊಟ್ಟಿಲ್ಲ."

ದೊಡ್ಡಪ್ಪ ಸುತ್ತ ಬೆಪ್ಪಾಗಿ ಕೂತಿದ್ದವರನ್ನೆಲ್ಲಾ ನೋಡಿದರು. ಆಮೇಲೆ ತಾಂಬೂಲದ ತಟ್ಟೆ ಎತ್ತಿ ಯಜಮಾನನ ಕೈಗೆ ಇಟ್ಟೇಬಿಟ್ಟರು. "ಇದಕ್ಯಾಕೆ ಬೇಜಾರು ಬೀಗರೇ? ಮದುವೆ ದಿನ ಹಸೂನ ಛತ್ರಕ್ಕೇ ಹೊಡ್ಕೊಂಡು ಬನ್ನಿ. ಅಡುಗೆಯವನ ಬಿಲ್ಲು ಅದರ ಕಿವಿಯಲ್ಲಿ ಓದಿ ಹೇಳೋಣ. ಎಂಥ ಪ್ರಾಣಿಯಾದರೂ ಅಳುತ್ತೆ."