ಕೈ ಹಿಡಿದು ಕೂರುವ ಕೆಲಸ

ಸಾವು ಹತ್ತಿರ ಬಂದವರ ಮಧ್ಯೆ ನಗು ಎಲ್ಲಿಂದ ಬರಬೇಕು ಎನ್ನುವವರು ಅವರ ಜೊತೆ ಒಂದು ಮಧ್ಯಾಹ್ನವೂ ಕೂತವರಲ್ಲ. ನಾನು ಈಗಲೂ ಕೂರುತ್ತೇನೆ. ಬಂದ ನಗುವನ್ನು ತಡೆದುಕೊಳ್ಳುವುದೇ ಅಲ್ಲಿ ಕಷ್ಟ.

ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಸಲಹೆ ಕೊಡಲು ಶುರುಮಾಡಿದ್ದೆ. "ಎಲ್ಲಿಗರ ಹೋಗ್ರಿ, ಯಾರಿಗರ ಉಪಯೋಗ ಆಗ್ರಿ" ಎಂದು ಅವಳೇ ಹೊರಗೆ ಕಳಿಸಿದಳು. ಹಾವೇರಿಯ ಹೊರಗೆ ಒಂದು ಆರೈಕೆ ಮನೆ ಇದೆ. ಇನ್ನು ವಾಸಿಯಾಗುವುದಿಲ್ಲ ಎಂದು ದೊಡ್ಡ ಆಸ್ಪತ್ರೆಯವರು ಕಳಿಸಿಕೊಟ್ಟವರನ್ನು ಕಡೆತನಕ ನೋವಾಗದಂತೆ ನೋಡಿಕೊಳ್ಳುತ್ತಾರೆ. ಅಲ್ಲಿ ಸೇರಿಕೊಂಡೆ. ಔಷಧ ಕೊಡುವುದು ನರ್ಸಮ್ಮನ ಕೆಲಸ, ಜೊತೆಗೆ ಕೂರುವುದು ನನ್ನದು.

ಮೊದಲ ದಿನ

"ಹೆಚ್ಚು ಮಾತಾಡಬೇಡಿ. ಸುಮ್ಮನೆ ಕೈ ಹಿಡಿದು ಕೂತರೂ ಅವರಿಗೆ ಧೈರ್ಯ ಬರುತ್ತದೆ" ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಜೀವಮಾನವೆಲ್ಲ ಬಸ್ಸು ನಿಲ್ಲಿಸಲು ಹೋಲ್ಡಾನ್, ಹೋಲ್ಡಾನ್ ಎಂದು ಕೂಗಾಡಿದ ನನಗೆ ಸುಮ್ಮನಿರುವುದು ಬರುವುದಿಲ್ಲ. ಆದರೂ ಬಾಯಿ ಬಿಗಿಹಿಡಿದು, ಮುಖ ಗಂಭೀರ ಮಾಡಿಕೊಂಡು ಒಬ್ಬ ಅಜ್ಜನ ಕೈ ಹಿಡಿದು ಕೂತೆ. ಅಜ್ಜ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ತನ್ನ ಕೈ ನೋಡಿದ. ಬಹಳ ಹೊತ್ತು ತಾಳಿಕೊಂಡು ಕಡೆಗೆ ಮೆಲ್ಲಗೆ ಕೇಳಿದ:

"ಯಾಕ್ರೀ, ನಾಡಿ ಸಿಗವಲ್ದೇನು? ಗಾಬರಿ ಆಗಬ್ಯಾಡ್ರಿ, ನಾ ಇನ್ನೂ ಅದೀನಿ."

ರಂಜಕ

ಬ್ಯಾಡಗಿಯ ಅಜ್ಜಿಯೊಬ್ಬರಿಗೆ ಊಟ ಸೇರುತ್ತಿರಲಿಲ್ಲ. ಮೆತ್ತನೆಯ ಅನ್ನ, ತಿಳಿಸಾರು ಕಂಡರೆ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. "ಇದು ಊಟ ಅಲ್ಲಪಾ, ಶಿಕ್ಷಾ" ಎನ್ನುತ್ತಿದ್ದರು. ನಮ್ಮ ಡಾಕ್ಟರು ಮೈಸೂರು ಕಡೆಯ ಹುಡುಗಿ, ಒಳ್ಳೆಯ ಮನಸ್ಸಿನವಳು. "ಇನ್ನು ಪಥ್ಯ ಯಾಕೆ? ಬಾಯಿಗೆ ರುಚಿಯಾಗಿದ್ದು ತಿನ್ನಲಿ ಬಿಡಿ" ಎಂದಳು.

ಮರುದಿನ ಸೊಸೆ ಮನೆಯಿಂದ ಡಬ್ಬಿಯಲ್ಲಿ ರಂಜಕ ತಂದಳು. ಹಣ್ಣು ಮೆಣಸಿನಕಾಯಿ ರುಬ್ಬಿ ಮಾಡುವ ನಮ್ಮ ಕಡೆಯ ಕೆಂಪು ಚಟ್ನಿ. ಅಜ್ಜಿ ಬೆರಳ ತುದಿಯಲ್ಲಿ ನೆಕ್ಕಿದರು, ಕಣ್ಣರಳಿತು, ಬೇಡವೆಂದಿದ್ದ ಅನ್ನವನ್ನೇ ಕೇಳಿ ಹಾಕಿಸಿಕೊಂಡರು. ಡಾಕ್ಟರಿಗೆ ಖುಷಿಯೋ ಖುಷಿ. "ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತಾರಲ್ವಾ ಅಜ್ಜಿ? ನಾನೂ ನೋಡ್ತೀನಿ" ಎಂದು ಚಮಚ ತುಂಬ ತೆಗೆದುಕೊಂಡು ಬಾಯಿಗಿಟ್ಟಳು.

ಮೊದಲು ಕಿವಿ ಕೆಂಪಾಯಿತು. ಆಮೇಲೆ ಬಿಕ್ಕಳಿಕೆ, ಕಣ್ಣೀರು. ನರ್ಸಮ್ಮ ಸಕ್ಕರೆಗೆ ಓಡಿದಳು, ನಾನು ನೀರಿಗೆ. ಅಜ್ಜಿ ಡಾಕ್ಟರ ಬೆನ್ನು ಸವರುತ್ತ, "ಬಣ್ಣಕ್ಕ ಬ್ಯಾಡಗಿ ಹಾಕೀವಿ ತಂಗಿ, ಖಾರಕ್ಕ ಗುಂಟೂರು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು:

"ಕಂಡಕ್ಟರಪ್ಪಾ, ಇವತ್ತು ನನ್ನ ಬಿಡು. ಡಾಕ್ಟರ್ ಬಾಯಾರ ಕೈ ಹಿಡ್ಕೊಂಡು ಕುಂದ್ರು."

ಅತ್ತದ್ದು ವ್ಯರ್ಥವಾಗಲಿಲ್ಲ

ಗಂಡಸರ ಕೋಣೆಯಲ್ಲಿ ಬಾಗಿಲ ಪಕ್ಕದ ಮಂಚದಲ್ಲಿ ವಯಸ್ಸಾದ ಟೇಲರ್ ಒಬ್ಬರಿದ್ದರು. ಹಿಂದೆ ಮುಂದೆ ಯಾರೂ ಇಲ್ಲ, ನೋಡಲು ಬರುವವರಿಲ್ಲ. ಒಂದು ದಿನ ಅವರು ಚಳಿ ಎಂದು ತಲೆತುಂಬ ಚಾದರ ಹೊದ್ದು ಮಲಗಿದ್ದಾಗ ಹೊಸರಿತ್ತಿಯಿಂದ ಒಬ್ಬ ದಪ್ಪ ಮನುಷ್ಯ ಬಾಳೆಹಣ್ಣು ಹಿಡಿದು ಒಳಗೆ ಬಂದ. ಬಂದವನೇ ಅವರ ಕಾಲು ಅಪ್ಪಿಕೊಂಡು ಅಳಲು ಶುರುಮಾಡಿದ.

"ಮಾವಾ, ಸಣ್ಣಾಂವ ಇದ್ದಾಗ ನನ್ನ ನಿನ್ನ ಹೆಗಲ ಮ್ಯಾಲೆ ಕುಂದ್ರಿಸ್ಕೊಂಡು ಕದರಮಂಡಲಗಿ ಹನಮಪ್ಪನ ಗುಡಿಗೆ ಕರ್ಕೊಂಡು ಹೋಗಿದ್ದೆಲ್ಲೋ. ನಿನ್ನಂಥ ಮಾವ ಯಾರಿಗೆ ಸಿಗ್ತಾನೋ."

ಚಾದರದೊಳಗಿಂದ ಒಂದು ಕೈ ಬಂದು ಅವನ ತಲೆ ಸವರಿತು. ಅವನ ಅಳು ಇನ್ನೂ ಏರಿತು. ಬಾಲ್ಯ ಮುಗಿದು, ಮದುವೆ ಮುಗಿದು, ಮಾವ ಕೊಡಿಸಿದ ಸೈಕಲ್ಲಿನವರೆಗೆ ಬಂತು. ನೀರು ತರಲು ಹೋಗಿದ್ದ ನಾನು ವಾಪಸು ಬಂದು ನೋಡಿದರೆ ಈ ದೃಶ್ಯ. ಇವರಿಗೆ ಅಳಿಯ ಎಲ್ಲಿಂದ ಬಂದ ಎಂದು ಬಾಯಿ ತೆರೆಯುವಷ್ಟರಲ್ಲಿ ಟೇಲರ್ ಚಾದರ ಸರಿಸಿ, "ತಮ್ಮಾ, ನಿಮ್ಮ ಮಾವ ಆ ಮೂಲ್ಯಾಗಿನ ಮಂಚದ ಮ್ಯಾಲೆ ನಿದ್ದಿ ಹತ್ತಿ ಮಲಗ್ಯಾರ" ಎಂದರು.

ಆ ಮನುಷ್ಯ ಬೆವತುಹೋದ. "ಮೊದಲ ಹೇಳಬಾರದೇನ್ರಿ?"

"ನನ್ನ ಸಲುವಾಗಿ ಇಷ್ಟು ಚಂದ ಯಾರೂ ಅತ್ತಿದ್ದಿಲ್ಲ. ನಡುವ ಯಾಕ ಕೆಡಸ್ಲಿ ಅಂತ ಸುಮ್ಮನಿದ್ದೆ."

ಮುಂದೆ ಅವನು ಬಂದಾಗಲೆಲ್ಲ ಮೊದಲು ಟೇಲರಿಗೆ ಬಾಳೆಹಣ್ಣು ಕೊಟ್ಟು ಮಾತಾಡಿಸಿ, ಆಮೇಲೆ ಮಾವನ ಹತ್ತಿರ ಹೋಗುತ್ತಿದ್ದ. ಮೂಲೆಯ ಮಾವನಿಗೆ ಅದು ಸರಿಬರಲಿಲ್ಲ. "ಬಾಳೆಹಣ್ಣು ಹೋಗ್ಲಿ, ಅಳೂದರ ನನ್ನ ಪಾಲಿಂದು ನನಗ ಕೊಡು" ಎಂದ.

ಗುಟ್ಟಿನ ಚಹಾ

ಕೆಲವರು ಮನೆಯಲ್ಲೇ ಇರುತ್ತಾರೆ, ನಾವೇ ಹೋಗಿ ಬರುತ್ತೇವೆ. ರಾಣೇಬೆನ್ನೂರಿನ ಒಂದು ಮನೆಯಲ್ಲಿ ಗಂಡನಿಗೆ ಕಾಯಿಲೆ. ಚಹಾ ಮಾಡುವ ನೆಪದಲ್ಲಿ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದರು. "ಅವರಿಗೆ ಇನ್ನ ಭಾಳ ದಿನ ಇಲ್ಲ ಅಂತ ಗೊತ್ತಿಲ್ಲರಿ. ಹೇಳಬ್ಯಾಡ್ರಿ, ಎದಿ ಒಡಕೋತಾರ." ಹೊರಗೆ ಬಂದರೆ ಗಂಡ ಪಿಸುಗುಟ್ಟಿದರು. "ನನಗೆಲ್ಲಾ ಗೊತ್ತೈತಿ. ಆಕಿಗೆ ಹೇಳಬ್ಯಾಡ್ರಿ, ತಡಕೊಳ್ಳಂಗಿಲ್ಲ."

ಹೋದಾಗಲೆಲ್ಲ ಇದೇ ಕಥೆ. ಅವರೇನಂದರು ಎಂದು ಇವರು, ಇವರೇನಂದರು ಎಂದು ಅವರು. ನಾನು ಹವಾಮಾನದ ಬಗ್ಗೆ ಮಾತಾಡಿ, ಇಬ್ಬರ ಸಮಾಧಾನಕ್ಕೂ ಒಂದೊಂದು ಲೋಟ ಚಹಾ ಕುಡಿದು ಬರುತ್ತಿದ್ದೆ. ಒಂದು ದಿನ ಗಂಡ ಚಹಾ ಗುಟುಕರಿಸಿ, "ಇನ್ನೊಂದೀಟು ಸಕ್ರಿ ಹಾಕಬಾರದೇನ? ಸಕ್ರಿ ಕಾಯಿಲಿ ಬರೂತನಕ ನಾ ಇರ್ತೀನೇನು?" ಎಂದುಬಿಟ್ಟರು.

ಹೆಂಡತಿ ಸಕ್ಕರೆ ಹಾಕಿ, ಕರಗಿದ ಮೇಲೂ ಕಲಕುತ್ತಲೇ ಇದ್ದರು.

"ಹಂಗಾರ ನಿಮಗ ಗೊತ್ತೈತಿ."

"ನಿನಗ ಗೊತ್ತಿರೂದೂ ಗೊತ್ತೈತಿ."

ಇಬ್ಬರೂ ಕೈ ಹಿಡಿದುಕೊಂಡು ಅತ್ತರು. ನನ್ನ ಕಣ್ಣೂ ಒದ್ದೆಯಾಯಿತು. ಅತ್ತು ಹಗುರಾದ ಮೇಲೆ ಇಬ್ಬರೂ ಒಟ್ಟಿಗೆ ನನ್ನನ್ನು ನೋಡಿದರು. ಹೆಂಡತಿ ಹೇಳಿದರು:

"ಈ ಮನಷ್ಯಾಗ ಎಲ್ಲಾ ಗೊತ್ತಿತ್ತು ನೋಡ್ರಿ. ನಮ್ಮ ಮನಿ ಚಾ ಕುಡದೂ ಒಂದು ಮಾತು ಹೇಳಲಿಲ್ಲ."

ಕರ್ಜಗಿ ಬಸ್ಸು

ಕರ್ಜಗಿಯವರೊಬ್ಬರು ಹಾವೇರಿ ಸಂತೆಯಲ್ಲಿ ಕಾಯಿಪಲ್ಯ ಮಾರಿ ಸಂಜೆ ಬಸ್ಸಿಗೆ ಊರು ಸೇರುತ್ತ ಬದುಕು ಕಳೆದವರು. ಆರೈಕೆ ಮನೆಗೆ ಬಂದ ಮೇಲೆ ಜ್ವರ ಏರಿ ಒಂದು ಮಧ್ಯಾಹ್ನ ಅವರಿಗೆ ತಾವು ಬಸ್ಸಿನಲ್ಲಿದ್ದೇವೆ ಅನ್ನಿಸಿಬಿಟ್ಟಿತು. ಮಂಚದಿಂದ ಕಾಲು ಇಳಿಬಿಟ್ಟು, "ನಮ್ಮೂರು ಬಂತು, ಇಳಸ್ರಿ" ಎಂದು ಏಳತೊಡಗಿದರು. ನಿಲ್ಲುವ ಶಕ್ತಿಯಿಲ್ಲ, ಬಿದ್ದರೆ ಮೂಳೆ ಉಳಿಯುವುದಿಲ್ಲ. ಹೆಂಡತಿ ಹಿಡಿದುಕೊಂಡು, "ಇದು ಬಸ್ಸಲ್ಲರಿ, ದವಾಖಾನಿ" ಎಂದಷ್ಟೂ ಅವರು ಕೊಸರಾಡುತ್ತಿದ್ದರು. ಆ ತಾಯಿ ಅಳುತ್ತಿದ್ದರು. ನರ್ಸಮ್ಮ ಇಂಜೆಕ್ಷನ್ ತಯಾರು ಮಾಡಿಕೊಂಡು ಬಂದಳು.

ನನಗೇನು ತೋಚಿತೋ, ಮಂಚದ ಕಾಲ ಬಳಿ ನಿಂತು ಹಳೇ ದನಿ ತೆಗೆದೆ. "ಯಾರ್ರೀ ಅದು ಕರ್ಜಗಿ? ಕರ್ಜಗಿ ಇನ್ನೂ ದೂರ ಐತಿ. ಕಾಲು ಒಳಗ ತಗೋರಿ. ಊರು ಬಂದಕೂಡ್ಲೆ ನಾನ ಎಬ್ಬಸ್ತೀನಿ."

ಅವರು ತಟ್ಟನೆ ಕಾಲು ಒಳಗೆಳೆದುಕೊಂಡರು. "ಮರೀಬ್ಯಾಡ್ರಿ ಮತ್ತ. ನಮ್ಮಾಕಿಗೆ ಸೀಟು ಸಿಕ್ಕೈತೇನು?"

ಹೆಂಡತಿ ಕಣ್ಣೊರೆಸಿಕೊಂಡು ಮಂಚದ ಮೇಲೇ ಕೂತರು. "ಸಿಕ್ಕೈತ್ರಿ. ನಿಮ್ಮ ಬಾಜೂಕ ಕುಂತೇನಿ."

ಕಣ್ಣು ಮುಚ್ಚಿದವರು ಮತ್ತೆ ತೆರೆದರು. "ಬಸ್ ಯಾಕ ನಿಂತೈತಿ?"

ಅದೂ ಖರೇ. ಮಂಚದ ಕಬ್ಬಿಣಕ್ಕೆ ಅಂಗೈಯಿಂದ ಬಡಿದು, ಬಸ್ಸು ಹೊರಡಿಸುವ ನನ್ನ ಹಳೇ ಕೂಗು ಹಾಕಿದೆ. "ರೈಟ್, ರೈಟ್!"

ಅವರ ಮುಖ ಸಡಿಲವಾಯಿತು. ಹೆಂಡತಿಯ ಹೆಗಲಿಗೆ ತಲೆಯಾನಿಸಿ ನಿದ್ದೆಹೋದರು. ನರ್ಸಮ್ಮ ಇಂಜೆಕ್ಷನ್ನನ್ನು ತಟ್ಟೆಯಲ್ಲಿ ವಾಪಸು ಇಟ್ಟಳು. ಗೆದ್ದೆ ಎಂದು ನಾನು ತಿರುಗಿದರೆ, ಕಿಟಕಿ ಬಳಿಯ ಮಂಚದ ಅಜ್ಜ ಎರಡೂ ಕೈಯಿಂದ ಮಂಚದ ಸರಳು ಗಟ್ಟಿಯಾಗಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ಕಂಡಕ್ಟರ್ ಸಾಹೇಬ್ರ, ಆ ಮಾತು ಮಾತ್ರ ಇಲ್ಲಿ ಅನ್ನಬ್ಯಾಡ್ರಿ. ನಾವೆಲ್ಲಾರೂ ಇದ ಬಸ್ಸಿನಾಗ ಅದೀವಿ. ಹೋಲ್ಡಾನ್ ಅನ್ರಿ, ಹೋಲ್ಡಾನ್."