ನನ್ನ ಮುದ್ದೆಯೂ ಮೋಟಾರಿನ ಬೇರಿಂಗೂ

ನಾನು ಮಾಡಿದ ರಾಗಿ ಮುದ್ದೆಯನ್ನು ಮನಸಾರೆ ಹೊಗಳಿದವರು ಈ ಲೋಕದಲ್ಲಿ ಒಬ್ಬರೇ. ಅವರೂ ತಿಂದು ಹೊಗಳಿದ್ದಲ್ಲ. ಒಬ್ಬೊಬ್ಬರಿಗೆ ಒಂದೊಂದು ಕೈಗುಣ ಇರುತ್ತದಂತೆ; ಕೆಲವರು ನೆಟ್ಟ ಕರಿಬೇವು ಚಿಗುರುತ್ತದೆ, ಕೆಲವರು ಹೆಪ್ಪು ಹಾಕಿದ ಮೊಸರು ಗಡ್ಡೆ ಕಟ್ಟುತ್ತದೆ. ನನ್ನ ಕೈಗುಣ ಪತ್ತೆಯಾದದ್ದು ಒಂದು ಕಾರಿನ ಹೊಟ್ಟೆಯೊಳಗೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಸ್ಟರ್ಡ್ ಮಾಡುವುದು, ಕ್ರೋಶೆ ಹಾಕುವುದು, ತಲೆಯ ಮೇಲೆ ಪುಸ್ತಕವಿಟ್ಟುಕೊಂಡು ಲೇಡಿಯಂತೆ ನಡೆಯುವುದು ಎಲ್ಲವನ್ನೂ ಕಲಿಸಿದ್ದರು. ಮದುವೆಯಾಗಿ ಮಳವಳ್ಳಿಗೆ ಬಂದರೆ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಹಿಟ್ಟು ತೊಳಸಲು ಬರುತ್ತದೆಯೇ? ಮುದ್ದೆಗೆ ಅಲ್ಲಿ ಹಿಟ್ಟು ಎನ್ನುವುದು, ನಮ್ಮ ಅತ್ತೆಯ ಬಾಯಲ್ಲಿ ‘ಇಟ್ಟು’. ನಾನು ತೊಳಸಿದ್ದು ಕ್ರಿಕೆಟ್ ಬಾಲಿನಷ್ಟು ಗಟ್ಟಿ. ಅತ್ತೆ ಬೈಯುತ್ತಿರಲಿಲ್ಲ. ಬೆರಳಿನಿಂದ ಒತ್ತಿ ನೋಡಿ, ಅದು ಜಗ್ಗದಿದ್ದಾಗ ಸುಮ್ಮನೆ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಗ ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಬಸ್ಸಿಗೆ ಇದ್ದಿಲ ಗ್ಯಾಸು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ಕಾರಿತ್ತು. ಅದರ ಕ್ಲಚ್ಚು ಸವೆದು ಇಂಜಿನ್ನು ಎಷ್ಟು ಅಬ್ಬರಿಸಿದರೂ ಗಾಡಿ ದಿಬ್ಬ ಹತ್ತುತ್ತಿರಲಿಲ್ಲ. ಪೆಡಲ್ ತುಳಿದರೆ ಒಳಗೆ ಬೆಕ್ಕಿನ ಮರಿ ಸಿಕ್ಕಿಕೊಂಡಂತೆ ಕೀರಲು ದನಿ. ನನ್ನ ನಾದಿನಿ ಜಯ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಮಗು ಅಡ್ಡಲಾಗಿದೆ, ನೋವು ಶುರುವಾದ ತಕ್ಷಣ ಕರೆತನ್ನಿ, ಮನೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡಿ ಎಂದು ಮಂಡ್ಯದ ಲೇಡಿ ಡಾಕ್ಟರು ಎಚ್ಚರಿಸಿದ್ದರು. ಅದಕ್ಕೇ ಕಾರು ರೆಡಿ ಮಾಡಿಸೋಣವೆಂದು ಮಂಡ್ಯದಿಂದ ಮೆಕ್ಯಾನಿಕ್ ಸಾಬ್‌ಜಾನ್‌ನನ್ನು ಕರೆಸಿದ್ದು. ಹೊಸ ಕ್ಲಚ್ ಪ್ಲೇಟನ್ನೂ, ಆ ಕೀರಲು ನಿಲ್ಲಿಸಲು ಪೈಲಟ್ ಬೇರಿಂಗನ್ನೂ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಆತ, ಕಾಫಿ ಆರುವುದರೊಳಗೆ ಬಿಚ್ಚಿ ಕಟ್ಟುತ್ತೇನೆಂದು ಜಂಬ ಕೊಚ್ಚಿದ. ಬಿಚ್ಚಿದ್ದೇನೋ ನಿಜ. ಗೇರ್‌ಬಾಕ್ಸು ಹುಣಸೆಮರದ ಕೆಳಗೆ ಗೋಣಿಚೀಲದ ಮೇಲೆ ಮಲಗಿತ್ತು. ಅಷ್ಟರಲ್ಲಿ ಜಯ ಬಾಗಿಲ ಚೌಕಟ್ಟು ಹಿಡಿದು ನಿಂತಳು. “ಅತ್ತಿಗೆ, ಶುರುವಾಯ್ತು ಕಣೆ,” ಎಂದಳು, ಬಲು ಮೆಲ್ಲಗೆ.

ನಮ್ಮ ಯಜಮಾನರು ಲಾರಿ ಕೇಳಲು ಸೈಕಲ್ಲಿನಲ್ಲಿ ಶಿವನಸಮುದ್ರದ ಪವರ್ ಹೌಸಿಗೆ ಓಡಿದರು. ಎತ್ತಿನ ಗಾಡಿಯ ಕುಲುಕಾಟದಲ್ಲಿ ಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. ಇತ್ತ ಹಳೆಯ ಬೇರಿಂಗು ಇಂಜಿನ್ನಿನ ದಂಡದ ತುದಿಯ ಕುಳಿಯಲ್ಲಿ ಬೇರು ಬಿಟ್ಟು ಕೂತಿತ್ತು. ಅದು ಬರದೆ ಹೊಸದು ಕೂರುವಂತಿಲ್ಲ, ಹೊಸದು ಕೂರದೆ ಗೇರ್‌ಬಾಕ್ಸು ಸೇರುವಂತಿಲ್ಲ. ನಾನು ಕಾರಿನ ಹ್ಯಾಂಡ್‌ಬುಕ್ ತಂದು, ಎಲೊಕ್ಯೂಷನ್ ಪ್ರೈಜ್ ಗೆದ್ದ ದನಿಯಲ್ಲಿ, “ಯೂಸ್ ಓನ್ಲಿ ದ ಸ್ಪೆಷಲ್ ಎಕ್ಸ್‌ಟ್ರಾಕ್ಟರ್” ಎಂದು ಓದಿ, ಕೀಳಲು ಅದಕ್ಕೆಂದೇ ಮಾಡಿದ ಸಾಧನ ಬೇಕಂತೆ ಎಂದು ಅರ್ಥವನ್ನೂ ಹೇಳಿದೆ. ಕಾರಿನಡಿಯಿಂದ ಸಾಬ್‌ಜಾನ್, “ಅದು ಯಾವ ಅಂಗ್ಡೀಲಿ ಸಿಕ್ತದೆ ಅಂತ್ಲೂ ಬರ್ದವ್ರಾ ಚಿಕ್ಕವ್ವಾರೆ?” ಎಂದ. ಬುಕ್ ಮುಚ್ಚಿದೆ.

ಅವನದೇ ಒಂದು ಉಪಾಯವಿತ್ತು. ಬೇರಿಂಗಿನ ತೂತಿನಿಂದ ಹಿಂದಿನ ಕುಳಿಗೆ ಗ್ರೀಸು ತುಂಬಿ, ತೂತಿಗೆ ಸರಿಯಾದ ಸರಳಿಟ್ಟು ಸುತ್ತಿಗೆಯಿಂದ ಹೊಡೆದರೆ, ಹೋಗಲು ಜಾಗವಿಲ್ಲದ ಗ್ರೀಸು ಬೇರಿಂಗನ್ನು ಹಿಂದಿನಿಂದ ನೂಕುತ್ತದೆ. ಆದರೆ ಆ ಬಿಸಿಲಿಗೆ ಗ್ರೀಸು ನೀರಾಗಿ ಅವನ ಗಡ್ಡದ ಮೇಲೆ ಸುರಿಯಿತು. ಸೋಪು ಹಾಕಿದ, ಅದೂ ಸೋರಿತು. ಒಳಗಿನಿಂದ ಜಯಳ ನರಳಾಟ ಬರಬರುತ್ತ ಬಿಡುವಿಲ್ಲದಂತಾಗುತ್ತಿತ್ತು. ಅಷ್ಟು ಹೊತ್ತಿಗೆ ಅತ್ತೆ, ಯಾರೂ ಮುಟ್ಟದ ಊಟದ ತಟ್ಟೆ ಹಿಡಿದು ಹೊರಗೆ ಬಂದರು. ತಟ್ಟೆಯನ್ನು ಕಾರಿನಡಿಗೆ ಚಾಚಿದರು.

“ಇದ್ನ ತುರ್ಕಿ ನೋಡ್ಲಾ ಸಾಬ್‌ಜಾನು. ನಮ್ಮ ಸೊಸೆ ಇಟ್ಟು. ಎಲ್ಲೂ ಸೋರಾಕಿಲ್ಲ.”

ಚುಚ್ಚಲೆಂದೇ ಆಡಿದ ಮಾತು. ಸಾಬ್‌ಜಾನ್ ನಕ್ಕ. ಆಮೇಲೆ ನಗು ನಿಲ್ಲಿಸಿ, ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿದ. ಥೇಟ್ ಅತ್ತೆಯಂತೆಯೇ. “ಕೊಡಿ ದೊಡ್ಡವ್ವಾರೆ,” ಎಂದ. ಈಗ ಹಿಂಜರಿಯುವ ಸರದಿ ಅತ್ತೆಯದು. ಉಣ್ಣುವ ವಸ್ತುವಿಗೆ ಸುತ್ತಿಗೆ ಏಟು! ಕೊನೆಗೆ ಮುದ್ದೆಯನ್ನು ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಗೊಣಗಿ, ಅವನ ಮಸಿ ಕೈಗೆ ಹಾಕಿದರು.

ಅವನು ಚೂರು ಚೂರೇ ತುರುಕಿದ, ಹೊಡೆದ. ಏನೂ ಆಗಲಿಲ್ಲ. ಇನ್ನಷ್ಟು ತುರುಕಿದ, ಹೊಡೆದ. ಸುತ್ತಿಗೆಯ ಸದ್ದು, ಜಯಳ ನರಳಾಟ, ಮತ್ತೆ ಸುತ್ತಿಗೆ. ನಾನು ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆ ಹೇಳುತ್ತಿದ್ದೆ, ಅತ್ತೆ ಮುತ್ತತ್ತಿ ಹನುಮಂತನಿಗೆ ಹರಕೆ ಹೊರುತ್ತಿದ್ದರು. ಕೆಳಗಿನಿಂದ ಒಂದು ಸಣ್ಣ ಕಿರುಗುಟ್ಟುವಿಕೆ. ಬೇರಿಂಗು ಉಗುರಿನಷ್ಟು ಮುಂದೆ ಬಂದಿತ್ತಂತೆ. ಮತ್ತೊಂದು ಮುಷ್ಟಿ ಮುದ್ದೆ, ಮತ್ತಷ್ಟು ಏಟು. ಟಣ್ಣೆಂದು ಅದು ನೆಲಕ್ಕೆ ಬಿತ್ತು.

“ಎಂಥ ಇಟ್ಟು ಕಣವ್ವಾ! ಕಬ್ಬಿಣ್ವೇ ಎದ್ದು ಬಂತಲ್ಲ,” ಎಂದ ಸಾಬ್‌ಜಾನ್. ಅತ್ತೆ ನನ್ನ ಕಡೆ ನೋಡಿದರು. ಗೋಡೆಯ ಕಡೆಯಲ್ಲ, ನನ್ನ ಕಡೆ.

ಕುಳಿಯನ್ನು ಕೆರೆದು ಒರೆಸಿ, ಹೊಸ ಬೇರಿಂಗನ್ನು ಮರದ ತುಂಡಿನಿಂದ ತಟ್ಟಿ ಕೂರಿಸಿ, ಪ್ಲೇಟು ಬಿಗಿದು, ಗೇರ್‌ಬಾಕ್ಸು ಸೇರಿಸಿದ. ಲಾರಿಗೆ ಹೋದ ಯಜಮಾನರ ಸುಳಿವಿಲ್ಲ; ಬಿಚ್ಚಿಟ್ಟಿದ್ದ ಕಾಲಡಿಯ ಹಲಗೆ ಹಾಕಲೂ ಪುರುಸೊತ್ತಿರಲಿಲ್ಲ. ಜಯಳ ತಲೆ ನನ್ನ ತೊಡೆಯ ಮೇಲೆ. ಮುಂದುಗಡೆ ಅತ್ತೆ ಕಾಲು ಮೇಲೆತ್ತಿಕೊಂಡು, ಕೆಳಗೆ ಓಡುವ ರಸ್ತೆಯನ್ನು ಬಾವಿ ಇಣುಕಿದಂತೆ ನೋಡುತ್ತ ಕೂತಿದ್ದರು. ಮದ್ದೂರಿನಲ್ಲಿ ರೈಲ್ವೆ ಗೇಟು ಹಾಕಿತ್ತು. ಸಾಬ್‌ಜಾನ್ ಕ್ಲಚ್ ತುಳಿದ. ನಾವೆಲ್ಲ ಕಿವಿಗೊಟ್ಟೆವು. ಬೆಕ್ಕಿನ ಮರಿಯ ಸದ್ದಿಲ್ಲ. ಜಯಳ ಉಸಿರು ಮಾತ್ರ ಕೇಳುತ್ತಿತ್ತು. ಗೂಡ್ಸ್ ಗಾಡಿ ಮುಗಿಯುವಂತೆಯೇ ಇರಲಿಲ್ಲ. ಕಡೆಗೂ ಮಂಡ್ಯ ಮುಟ್ಟಿದೆವು. ಇನ್ನು ಸ್ವಲ್ಪ ತಡವಾಗಿದ್ದರೆ ತಾಯಿ ಮಗು ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ಗದರಿದರು. ಹೆಣ್ಣು ಮಗು. ಬೆನ್ನಿಗೆ ಬಿದ್ದ ಏಟಿಗೆ ಊರು ಕೇಳುವಂತೆ ಅತ್ತಿತು.

ಆಮೇಲೆ ಅತ್ತೆಯೇ ಪಕ್ಕದಲ್ಲಿ ಕೂತು ನನಗೆ ಹಿಟ್ಟಿನ ಕೋಲು ಹಿಡಿಯುವುದನ್ನು ಕಲಿಸಿದರು. ಮುಂದಿನ ಬೇಸಿಗೆಗೆ ಸಾಬ್‌ಜಾನ್ ಟಿಫನ್ ಡಬ್ಬಿ ಹಿಡಿದು ಬಂದ. ಯಾರದೋ ಕಾರು, ಅದೇ ರೋಗ, ಚಿಕ್ಕವ್ವಾರ ಇಟ್ಟೇ ಬೇಕಂತೆ. ಹೆಮ್ಮೆಯಿಂದ ಬಿಸಿಬಿಸಿ ಕಟ್ಟಿಕೊಟ್ಟೆ. ಸಂಜೆ ಗಡ್ಡದ ತುಂಬ ರಾಗಿ ಮೆತ್ತಿಕೊಂಡು ವಾಪಸು ಬಂದ. “ಏನ್ ಚಿಕ್ಕವ್ವಾರೆ, ಇಷ್ಟ್ ಬೇಗ ಕೈ ಕೆಡಿಸ್ಕೊಂಬುಟ್ರಲ್ಲ,” ಎಂದ, ನಿಜವಾದ ಸಂಕಟದಿಂದ. ಅತ್ತೆ ಗೋಡೆಯ ಕಡೆ ತಿರುಗಿದರು. ಅವರ ಹೆಗಲು ಕುಲುಕುತ್ತಿತ್ತು.

ಈಗ ಮೊಮ್ಮಕ್ಕಳು, ಅಜ್ಜಿಯ ಮುದ್ದೆ ಬೆಣ್ಣೆ ಇದ್ದ ಹಾಗೆ ಎನ್ನುತ್ತಾರೆ. ಥ್ಯಾಂಕ್ ಯೂ ಎನ್ನುತ್ತೇನೆ. ಅವರು ಎದ್ದು ಹೋದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಒತ್ತಿ ನೋಡುತ್ತೇನೆ. ಒತ್ತಿದಲ್ಲಿ ತಗ್ಗಾಗುತ್ತದೆ. ಯಾಕೋ ಗೋಡೆಯ ಕಡೆ ಮುಖ ಮಾಡುತ್ತೇನೆ.