ಚಿಕ್ಕಮ್ಮ ನುಂಗಿದ ದೀರ್ಘ

ಶನಿವಾರ ಬೆಳಗ್ಗೆ ಎಂಟು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಚಿಕ್ಕಮ್ಮ ಎಂದಿನಂತೆ ಒಂದು ಚೊಂಬು ನೀರು ಹಿಡಿದು ಸ್ವೀಡನ್ನಿನ ಚಳಿಗಾಲದ ಮೇಲೆ ಯುದ್ಧಕ್ಕೆ ಹೊರಟರು.

ಉತ್ಪ್ರೇಕ್ಷೆಯಲ್ಲ! ಟ್ರೋಲ್‌ಹೆಟ್ಟನ್‌ನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಹಳ್ಳಿಯಲ್ಲಿ, ನಾನು ಬರುವವರೆಗೆ ಒಬ್ಬರೇ ಇದ್ದ ಈ ಎಂಜಿನಿಯರ್ ಮಹಾತಾಯಿ ಹೊಸ್ತಿಲಿಗೆ ನೀರು ಹಾಕದೆ ಕಾಫಿ ಮುಟ್ಟುವವರಲ್ಲ. ಮೈನಸ್ ಹನ್ನೊಂದರಲ್ಲಿ ನೀರು ಏನಾಗುತ್ತದೆಂದು ಎಂಜಿನಿಯರಿಗೆ ನಾನು ಹೇಳಿಕೊಡಬೇಕೆ? ಹಿಂದಿನ ವಾರ ಪಾರ್ಸೆಲ್ ತಂದವಳು ಮೆಟ್ಟಿಲಿನಿಂದ ಗೇಟಿನವರೆಗೆ ಕೂತೇ ಹೋಗಿದ್ದಳು.

"ಉಪ್ಪು ಹಾಕಿದ್ದೆನಲ್ಲೇ!" ಎಂದರು. ಹಾಕಿದ್ದರು, ಎರಡು ಚಿಟಿಕೆ. ಸಾರಿಗಾದರೆ ಸಾಕಾಗುತ್ತಿತ್ತು.

ಆಮೇಲೆ ರಂಗೋಲಿ. ಮೊದಲ ವರ್ಷ ಬಿಳಿ ಹಿಮದ ಮೇಲೆ ಬಿಳಿ ರಂಗೋಲಿ ಬಿಟ್ಟು, ಯಾರೂ ಹೊಗಳಲಿಲ್ಲವೆಂದು ಮುನಿಸಿಕೊಂಡಿದ್ದರಂತೆ! ನಾನು ಇಲ್ಲಿಗೆ ಓದಲು ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಒಂದು ಕಿಲೋ ಕೆಂಪು ಪುಡಿ ಬಂತು.

ಮೂರನೆಯ ಹುಚ್ಚು, ಕಾಗುಣಿತ. ಸಾಮಾನಿನ ಪಟ್ಟಿಯಲ್ಲಿ ನಾನೊಮ್ಮೆ ಅವಸರಕ್ಕೆ 'ಬಳೆಹಣ್ಣು' ಎಂದು ಬರೆದಿದ್ದೆ.

"ತಿಂತೀಯೋ, ಕೈಗೆ ಹಾಕ್ಕೋತೀಯೋ? ದೀರ್ಘ ನುಂಗಬೇಡ ಕಣೇ, ಅನರ್ಥ ಆಗತ್ತೆ!"

ಆ ಶನಿವಾರಕ್ಕೆ ನಾಲ್ಕು ದಿನದಿಂದ ಹಿಮ ಸುರಿದು ಚಾವಣಿಯ ಮೇಲೆ ನನ್ನ ಸೊಂಟದೆತ್ತರ ನಿಂತಿತ್ತು. ನೀರು ಹಾಕಿ ಮುಗಿಸಿದ ಚಿಕ್ಕಮ್ಮ ಸೂರಿನಡಿ ಕುಕ್ಕರುಗಾಲಲ್ಲಿ ಕೂತು ಕೆಂಪು ಎಳೆ ಎಳೆಯುತ್ತಿದ್ದರು. ನಾನು ಬಾಗಿಲೊಳಗೆ ನಿಂತು ನೋಡುತ್ತಿದ್ದೆ. ದಾರಿಯ ಹಿಮ ತಳ್ಳಲು ಬಂದ ಪಕ್ಕದ ಮನೆಯ ಟ್ರ್ಯಾಕ್ಟರ್ ತಾತ ದೂರದಿಂದಲೇ ಕೂಗಿದರು:

"ತಾಕ್! ತಾಕ್!"

"ನೋಡೇ, ನಿನ್ನೆ ಕೊಟ್ಟ ಕೋಡುಬಳೆಗೆ ಇವತ್ತು ಥ್ಯಾಂಕ್ಸ್! ಎಂಥಾ ಸಂಸ್ಕಾರ!" ಚಿಕ್ಕಮ್ಮ ಎದ್ದು ಕೈಮುಗಿದು, "ತಕ್, ತಕ್!" ಎಂದರು.

ತಾತ ಎರಡೂ ಕೈ ಮೇಲೆತ್ತಿ ಇನ್ನೂ ಜೋರಾಗಿ ಕೂಗಿದರು.

"ಪಾಪ, ದೇವರಿಗೂ ಹೇಳ್ತಿದಾರೆ!"

ಸ್ವೀಡಿಷ್‌ನಲ್ಲಿ ತಕ್ ಎಂದರೆ ಧನ್ಯವಾದ. ತಾಕ್ ಎಂದರೆ ಚಾವಣಿ. ನನಗದು ಗೊತ್ತಿತ್ತು. ಆದರೂ ಹೊಳೆಯಲಿಲ್ಲ, ನಾನು ನಗುತ್ತಿದ್ದೆ.

ಧೊಪ್!

ಚಿಕ್ಕಮ್ಮ ಇದ್ದಲ್ಲಿ ಚಿಕ್ಕಮ್ಮ ಇರಲಿಲ್ಲ. ಎಲ್ಲಿ ಅಗೆಯುವುದು? ಗೋಡೆಯುದ್ದಕ್ಕೂ ಒಂದೇ ಬಿಳುಪು. ಒಂದು ಕಡೆ ಮಾತ್ರ ಕೆಂಪು ಕಂಡಿತು. ರಕ್ತವಲ್ಲ, ರಂಗೋಲಿ ಪುಡಿ! ತಾತ ಸಲಿಕೆಯಲ್ಲಿ, ನಾನು ಬರಿಗೈಯಲ್ಲಿ ಅಲ್ಲೇ ತೋಡಿದೆವು. ಮೊದಲು ಡಬ್ಬಿ ಹಿಡಿದ ಕೈ ಸಿಕ್ಕಿತು, ಆಮೇಲೆ ಮುಖ. ನೀಲಿಗಟ್ಟಿದ ತುಟಿ ಅಲುಗಿತು.

"ಅವರು... ದೀರ್ಘ ಹೇಳಿದ್ರು, ಅಲ್ವೇನೇ?"

ಮಣಿಕಟ್ಟಿಗೊಂದು ಪಟ್ಟಿ, ಅಷ್ಟೇ. ಭಾನುವಾರದಿಂದಲೇ ಅವರಿಗೆ ಗೊರಕೆ. ನಿದ್ದೆ ಕೆಟ್ಟಿದ್ದು ನನಗೆ! ಮರದ ಕೊಂಬೆಯಿಂದ ಹಿಮ ಜಾರಿದರೂ ಎದ್ದು ಹೋಗಿ ಅವರ ಮೂಗಿನ ಬಳಿ ಬೆರಳಿಟ್ಟು ನೋಡಿ ಬರುತ್ತಿದ್ದೆ. ಗುರುವಾರ ಅವರು ಕಣ್ಣು ತೆರೆಯದೆಯೇ ಆ ಬೆರಳನ್ನು ಹಿಡಿದುಕೊಂಡರು.

"ಉಸಿರಾಡ್ತಿದೀನಿ ಕಣೇ. ದೀರ್ಘವಾಗೇ. ಮಲಕ್ಕೋ."

ಅಲ್ಲೇ ಪಕ್ಕದಲ್ಲಿ ಒರಗಿದೆ. ಕಣ್ಣು ಬಿಟ್ಟಾಗ ಶುಕ್ರವಾರ, ಒಂಬತ್ತು ದಾಟಿ ಬಿಸಿಲು ಬಂದಿತ್ತು. ಚಿಕ್ಕಮ್ಮ ಎಚ್ಚರವಾಗಿಯೇ ಇದ್ದರು. ಹೊಸ್ತಿಲಿಗೆ ಇನ್ನೂ ನೀರು ಬಿದ್ದಿರಲಿಲ್ಲ. ನನ್ನ ಬೆರಳು ಅವರ ಕೈಯಲ್ಲೇ ಇತ್ತು.